ಬೋಗಾದಿಯ ಮಾರಮ್ಮನ ಕಲ್ಲು

ಅಕ್ಕಾ, ಚೆನ್ನಾಗಿದ್ದೀಯಾ?

ಎಂ.ಎ. ಇತಿಹಾಸವೆಂದರೆ ಕುಳಿತು ಓದುವುದು ಅಂದುಕೊಂಡಿದ್ದೆ. ವಾರವೆಲ್ಲ ಮ್ಯೂಸಿಯಂ, ಪತ್ರಾಗಾರ, ಶಾಸನ ಎಂದು ಅಲೆದು ಸುಸ್ತಾಗಿದ್ದೇನೆ. ಇವತ್ತು ಬೋಗಾದಿಯ ಹೊಸ ಮನೆಗಳ ನಡುವಿನ ಕಲ್ಲೊಂದರ ಅಕ್ಷರಗಳ ಅಚ್ಚು ತೆಗೆಯಬೇಕಿತ್ತು. ಅದನ್ನು ಮಾರಮ್ಮನೆಂದು ಪೂಜಿಸುವ ದೇವಿರಮ್ಮಜ್ಜಿ ನನಗೆ ಮುಟ್ಟಗೊಡದೆ, ಮೆತ್ತಿದ್ದ ಅರಿಶಿನವನ್ನು ತಾವೇ ತೊಳೆದುಕೊಟ್ಟರು. ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿದೆ.

"ಏನ್ ಬರ್ದವ್ರವ್ವ?" ಎಂದರು.

ಸುಳ್ಳು ಹೇಳಿಬಿಡೋಣ ಅನಿಸಿತು. ಆದರೂ, ಇದು ದೇವಿಯದಲ್ಲ, ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನ ಕಲ್ಲು ಎಂದೆ. ಅಜ್ಜಿ ಕಲ್ಲಿನ ಮೇಲೆ ಕೈಯಾಡಿಸಿದರು.

"ಯಾರ್ ಹೆತ್ತ ಮಗನೋ. ಅಮ್ಮನ ಜೊತೆ ಅವನೂ ಇರ್ಲಿ ಬುಡವ್ವ," ಎಂದು ಮತ್ತೆ ಅರಿಶಿನ ಹಚ್ಚಿದರು.

ಬ್ರಷ್ಷು ಬಡಿದು ಬಡಿದು ತೋಳು ಎತ್ತಲಾಗುತ್ತಿಲ್ಲ ಅಷ್ಟೇ, ಜ್ವರವೇನಿಲ್ಲ. ಅವ್ವನಿಗೆ ಹೇಳಬೇಡ. ಬಸ್ಸು ಬಂತು.

ಧರಣಿ