ಸಾಲ ನಂದೂ ಹೌದು

ಭಾಲ್ಕಿ,
೧೮ ನವೆಂಬರ್ ೨೦೨೪

ಸತೀಶಕುಮಾರ ಅವರಿಗೆ,

ಬಸವೇಶ್ವರಿಯ ಶರಣು.

ಬೆಂಗಳೂರಿನ ನ್ಯಾಯಮಂಡಳಿಯಲ್ಲಿ ವಿಚಾರಣೆ ಮುಗಿದದ್ದೇ ನೀವು ಹೊರಟುಬಿಟ್ಟಿರಿ. ರೈಲಿನಲ್ಲೂ ಬೇರೆ ಡಬ್ಬಿಗೆ ಹೋಗಿ ಕೂತಿರಿ. ಅಂದಿನಿಂದ ನನ್ನ ಫೋನು ಎತ್ತಿಲ್ಲ. ನೀವು ಬೀದರದಲ್ಲಿ, ನಾನು ಇಲ್ಲಿ ಇರತೊಡಗಿ ಎರಡು ವರ್ಷವಾಯಿತು. ನಿಮಗೆ ಇಷ್ಟು ಸಿಟ್ಟು ಬಂದದ್ದನ್ನು ಮಾತ್ರ ನಾನು ನೋಡಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬೇಳೆ ಗಿರಣಿಯ ಕಂಪನಿಯನ್ನು ಮುಚ್ಚಿ, ಇದ್ದುದನ್ನೆಲ್ಲ ಮಾರಿ ಬಾಕಿ ತೀರಿಸಿಕೊಡಬೇಕೆಂದು ಬ್ಯಾಂಕು ನ್ಯಾಯಮಂಡಳಿಗೆ ಹೋಯಿತು. ಕಂಪನಿಯ ನಿರ್ದೇಶಕರು ನಾವಿಬ್ಬರೇ ಆದ್ದರಿಂದ ಒಂದೇ ಬೆಂಚಿನ ಮೇಲೆ ಕೂರಬೇಕಾಯಿತು. ನಿಮ್ಮ ಅಂಗಿಯ ಕಾಲರು ಮಾಸಿತ್ತು. ಹೇಳಬೇಕೆನಿಸಿತು, ಹೇಳಲಿಲ್ಲ.

ನಮ್ಮ ಸರದಿ ಬಂದಾಗ ವಕೀಲರನ್ನೂ ಕೇಳದೆ ನೀವು ಎದ್ದು ನಿಂತಿರಿ. “ಸಾಲ ಎಲ್ಲಾ ನಂದರಿ ಸರ್. ಈಕಿಗೇನೂ ಗೊತ್ತಿಲ್ಲ. ನಾ ತೋರ್ಸಿದಲ್ಲಿ ಸಹಿ ಮಾಡ್ಯಾಳ, ಅಷ್ಟ” ಅಂದಿರಿ. ನನ್ನನ್ನು ಉಳಿಸಲಿಕ್ಕೇ ಹಾಗೆಂದಿರಿ. ಇಷ್ಟಾದ ಮೇಲೂ ನನಗಾಗಿ ಎದ್ದಿರಲ್ಲ ಎಂದು ಕಣ್ಣು ತುಂಬಿತು. ಮರುಕ್ಷಣವೇ ಮೈಯೆಲ್ಲ ಉರಿಯಿತು.

ಬಣ್ಣ ನೋಡಿ ಬೇಳೆ ಬೇರ್ಪಡಿಸುವ ಆ ಯಂತ್ರ ಬೇಕೇ ಬೇಕೆಂದು ಹಟ ಹಿಡಿದವಳು ನಾನು. ಉದಗೀರಿಗೆ ಹೋಗಿ ಅದು ಓಡುವುದನ್ನು ನೋಡಿ ಬಂದವಳು ನಾನು. “ಒಂದ್ ವರ್ಷ ತಡಿ” ಎಂದು ನೀವು ಅನ್ನುತ್ತಿದ್ದರೂ ಬ್ಯಾಂಕಿನವರೆದುರು ಕೂತು ಎಲ್ಲ ಬಿಡಿಸಿ ಹೇಳಿ ಸಾಲ ಮಂಜೂರು ಮಾಡಿಸಿದೆ. ಹೊರದೇಶದ ತೊಗರಿ ಬಂದು ನಮ್ಮ ಬೇಳೆಯ ದರ ಹಾಗೆ ಕುಸಿಯುತ್ತದೆಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಗಿರಣಿ ಮುಳುಗಿತು ಸರಿ. ಅಲ್ಲಿ ವರ್ಷಗಟ್ಟಲೆ ಧೂಳು ಕುಡಿದ ಮೇಲೆ ‘ಏನೂ ಗೊತ್ತಿಲ್ಲದಾಕಿ’ ಎನ್ನಿಸಿಕೊಂಡು ಹೊರಗೆ ಬರುವುದು ನನ್ನಿಂದಾಗಲಿಲ್ಲ.

“ಇಲ್ರಿ ಸರ್, ಓದಿ ಸಹಿ ಮಾಡೇನ್ರಿ. ಸಾಲ ನಂದೂ ಹೌದು” ಅಂದೆ. ನಿಮ್ಮ ಮುಖ ಕಪ್ಪಿಟ್ಟಿತು. ಎಲ್ಲರೆದುರು ನಿಮ್ಮ ಮಾತನ್ನು ಸುಳ್ಳು ಮಾಡಿದೆನೆಂದು ನಿಮಗೆ ನೋವಾಗಿದ್ದರೆ ಆ ನೋವಿಗೆ ಕ್ಷಮೆ ಇರಲಿ. ಮಾತು ಮಾತ್ರ ಹಿಂದಕ್ಕೆ ತಗೊಳ್ಳುವುದಿಲ್ಲ. ನಾವು ಬೇರೆಯಾದದ್ದೂ ಇದಕ್ಕೇ ಅಲ್ಲವೇ? ನಾನು ಹೆದರುತ್ತೇನೆಂದು ಬ್ಯಾಂಕಿನ ಎಚ್ಚರಿಕೆಗಳನ್ನೆಲ್ಲ ನೀವೊಬ್ಬರೇ ನುಂಗಿಕೊಂಡು ತಿರುಗಿದಿರಿ. ಗೊತ್ತಾದ ದಿನ “ಹಂಗಾದ್ರ ಈ ಮನ್ಯಾಗ ನಾ ಯಾರು?” ಎಂದು ಕೇಳಿದೆ. ನೀವು ಬ್ಯಾಗು ತಗೊಂಡು ಹೋದಿರಿ.

ಕಂಪನಿ ಮುಚ್ಚುವ ಆದೇಶ ಬಂದ ಮೇಲೆ, ಆಸ್ತಿ ಮಾರಲು ನೇಮಕವಾದ ಲಿಕ್ವಿಡೇಟರ್ ಸಾಹೇಬರು ಗಿರಣಿಗೆ ಬೀಗ ಹಾಕಲು ಬಂದರು. ಬೇಳೆ ಹಸನು ಮಾಡುವ ಹೆಂಗಸರೆಲ್ಲ ಗೇಟಿನ ಹತ್ತಿರ ಕೂತಿದ್ದರು. ನಿಂತ ಗಿರಣಿಗಿಂತ ನಡೆಯುವ ಗಿರಣಿಗೆ ಒಳ್ಳೆಯ ಬೆಲೆ ಬರುತ್ತದೆ, ಮಾರುವವರೆಗೂ ನಡೆಸಲು ಬಿಡಿ ಎಂದು ನಾನು ಬೇಡಿಕೊಂಡೆ. ನಡೆಸುವವರು ಯಾರೆಂದು ಅವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆ ಹೆಂಗಸರ ನಡುವಿನಿಂದ ವಜೀರಬೀ ಎದ್ದು, ನನ್ನತ್ತ ಕೈ ತೋರಿಸಿ, “ಯಾರಂದ್ರ? ಬಾಯಿಯವರ ನಡಸ್ತಾರ್ರಿ ಸಾಬ್, ಇಷ್ಟ್ ದಿನಾ ಯಾರ್ ನಡಸ್ಯಾರ?” ಎಂದಳು. ಸಾಹೇಬರು ಎರಡು ದಿನ ಯೋಚಿಸಿ ಒಪ್ಪಿದರು.

ಹೀಗೆ ನಮ್ಮದೇ ಗಿರಣಿಯಲ್ಲಿ ನಾನೀಗ ಸಂಬಳದವಳು. ಬೋರ್ಡಿನ ಮೇಲಿನ ನಮ್ಮ ಹೆಸರು ಕಾಣದಂತೆ ಬಣ್ಣ ಬಳಿದ ದಿನ ಗೋದಾಮಿನೊಳಗೆ ಹೋಗಿ ಅತ್ತೆ. ಆಮೇಲೆ ಬಂದು ಯಂತ್ರ ಚಾಲೂ ಮಾಡಿಸಿದೆ. ಕೊಳ್ಳುವವರು ಯಾರಾದರೂ ಸರಿ, ಆ ಹೆಂಗಸರನ್ನು ಇಟ್ಟುಕೊಂಡರೆ ಸಾಕು. ಮಾರಿದ ಮೇಲೂ ಬಾಕಿ ಉಳಿದರೆ ಅರ್ಧ ನನ್ನ ತಲೆಯ ಮೇಲಿರಲಿ.

ಹೈದರಾಬಾದಿನ ವ್ಯಾಪಾರಿಗಳು ನಿಮ್ಮ ಮಾತಿಗೆ ಮಾಲು ಎತ್ತುತ್ತಾರೆ, ನನ್ನ ಮಾತಿಗಲ್ಲ. ಸಾಹೇಬರನ್ನು ಕೇಳಿದ್ದೇನೆ, ಅವರದು ಅಡ್ಡಿಯಿಲ್ಲ. ನೀವು ಬಂದರೆ ಉಪಕಾರವಾಗುತ್ತದೆ. ಕರೆಯುತ್ತಿರುವುದು ಕೆಲಸಕ್ಕಷ್ಟೇ, ಬೇರೆ ಅರ್ಥ ಮಾಡಿಕೊಳ್ಳಬೇಡಿ.

ಇತಿ,
ಬಸವೇಶ್ವರಿ

ತಾ.ಕ.: ನಿಮ್ಮ ಅವ್ವ ಈರಮ್ಮನವರು ಠಾಣಾ ಕುಶನೂರಿನ ಊರಮನೆಯಲ್ಲಿಲ್ಲ. ಕಂಪನಿ ಹೋದ ಸುದ್ದಿ ಕೇಳಿ ಬಸ್ಸು ಹತ್ತಿ ಬಂದವರು ನನ್ನ ಹತ್ತಿರವೇ ಇದ್ದಾರೆ. ಫೋನಿನಲ್ಲಿ ನಿಮಗೆ “ಹೊಲದಾಗ ಅದೀನಪ್ಪಾ” ಎನ್ನುವುದು ನಮ್ಮ ಅಡುಗೆಮನೆಯಿಂದ. “ಅಂವಗ ಹೇಳಬ್ಯಾಡ, ತಾನ ಹುಡ್ಕೋತ ಬರ್ಲಿ” ಎಂದಿದ್ದರು. ನಾನು ಕಾಯಲಾರದೆ ಹೇಳಿಬಿಟ್ಟೆ.