ಹಿನ್ನೀರಿನ ಸಮುದ್ರದಲ್ಲಿ ನೀನು ನಿಂತ ಜಾಗ

ಬಾಗಲಕೋಟೆಯ ಏಕಮಾತ್ರ ಸಮುದ್ರದ ಏಕಮಾತ್ರ ಮೀನುಗಾರನೂ, ಹದಿನಾಲ್ಕು ಸಿನಿಮಾಗಳಲ್ಲಿ ಬೆನ್ನು ಮಾತ್ರ ತೋರಿಸಿ ಮೆರೆದ ಮಹಾನಟನೂ ಆದ ಸಂಗಪ್ಪ ಕಾಕಾ,

ನಿನ್ನ ಅಣ್ಣನ ಮಗಳು ಗಿರಿಜಾ ಮಾಡುವ ಶರಣು. ನೀನು ತೀರಿಹೋಗಿ ಒಂಬತ್ತು ತಿಂಗಳಾಯಿತು. ಇಷ್ಟು ದಿನ ಪತ್ರ ಬರೆಯದಿರಲು ಕಾರಣ ನನ್ನ ಲೋಕಪ್ರಸಿದ್ಧ ಸೋಮಾರಿತನ. ಈಗ ಬರೆಯುತ್ತಿರುವುದು ಹೆದರಿಕೆಯಿಂದ. ನಗಬೇಡ.

ಮೊದಲ ಸಲ ಶೂಟಿಂಗ್‌ನವರು ಬಂದಾಗ ನಾನು ಎರಡನೇ ಕ್ಲಾಸು. ಕಾರವಾರದ ತನಕ ಹೋಗಲಾರದವರು ಹಳೆ ಬಾಗಲಕೋಟೆಯನ್ನು ನುಂಗಿ ಮಲಗಿದ ನಮ್ಮ ಅಣೆಕಟ್ಟಿನ ಹಿನ್ನೀರನ್ನೇ ಸಮುದ್ರ ಮಾಡಿಕೊಂಡರು. ಆಮೇಲೆ ವರ್ಷಕ್ಕೊಬ್ಬರಾದರೂ ಬಂದರು. ನೀರು ತುಂಬಿದ್ದರೆ ಸಮುದ್ರ. ಬೇಸಿಗೆಯಲ್ಲಿ ಮುರಿದ ಗೋಡೆಗಳು ಮೇಲೆದ್ದರೆ ಯುದ್ಧದಲ್ಲಿ ಸುಟ್ಟ ಊರು. ನಮ್ಮ ಆ ಒಂದೇ ಓಣಿ ಎಷ್ಟು ಸಲ ಸಾಯಬೇಕು ಹೇಳು?

ಒಬ್ಬ ದಾಡಿಯ ಡೈರೆಕ್ಟರಿಗೆ ನಾನು ಉಪ್ಪು ಕಲಸಿದ ನೀರು ಕುಡಿಸಿದ್ದು ನೆನಪಿದೆಯಾ? "ಕುಡೀರಿ ಸರ್, ಖರೇ ಸಮುದ್ರ ಐತಿ" ಎಂದು ಪೂಜಾರಿಯಂತೆ ತಂಬಿಗೆ ಚಾಚಿದ್ದೆ. ನೀನು ಸೊಂಟದಷ್ಟು ನೀರಿನಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ, ಆದರೆ ಅಲ್ಲಿಂದ ಕದಲಲಿಲ್ಲ. ನೀನು ಎಂದೂ ಕದಲುತ್ತಿರಲಿಲ್ಲ. "ಯಜಮಾನ್ರೇ, ಸ್ವಲ್ಪ ಸೈಡಿಗೆ ಬನ್ನಿ" ಎಂದು ಅವರು ಕೂಗಿದರೆ ಬೆನ್ನು ತಿರುಗಿಸುತ್ತಿದ್ದೆ, ಅಷ್ಟೆ. ಕೊನೆಗೆ ಅವರೇ ಸೋತು ನಿನ್ನ ಕೈಗೊಂದು ಬಲೆ ಕೊಟ್ಟು ಮೀನುಗಾರನನ್ನಾಗಿಯೋ, ಬೇರೆ ವೇಷ ತೊಡಿಸಿ ಮತ್ತೊಬ್ಬನನ್ನಾಗಿಯೋ ಮಾಡಿಬಿಡುತ್ತಿದ್ದರು.

"ಕಾಕಾ, ನಿನಗ ಕ್ಯಾಮೆರಾ ಹುಚ್ಚು ಹಿಡದೈತಿ."

"ಹೌದವಾ, ಹಿಡದೈತಿ. ನೀ ಮಾತ್ರ ದಂಡಿ ಬಿಟ್ಟು ಬರಬ್ಯಾಡ."

ಅಷ್ಟು ಮಾತಾಡಿದವನು ಇನ್ನೊಂದು ಮಾತು ಹೇಳಿದ್ದರೆ...

ಕಳೆದ ವಾರ ಹೊಸ ತಂಡ ಬಂತು. ನಾಯಕಿ ಸಮುದ್ರದೊಳಗೆ ನಡೆದುಹೋಗುವ ದೃಶ್ಯ. ನೀರಿನಲ್ಲಿ ಎಲ್ಲಿ ಕಾಲಿಡಬಹುದು ಎಂದು ತೋರಿಸಲು ನಿನ್ನನ್ನೇ ಕೇಳಿಕೊಂಡು ಬಂದಿದ್ದರು. ನೀನಿಲ್ಲ ಎಂದು ತಿಳಿದು ಮುಖ ಸಪ್ಪಗಾದವು. ನಾನು ಮುಂದೆ ಬಂದೆ. "ನಾ ಅದೀನ್ರಿ. ಈ ನೀರಿನ ಕೆಳಗಿನ ಕಲ್ಲು ಕಲ್ಲಿಗೂ ನನ್ನ ಹೆಸರು ಗೊತ್ತೈತಿ." ಹಸಿ ಸುಳ್ಳು. ನಾನು ಹುಟ್ಟಿದ್ದೇ ಊರು ಮುಳುಗಿದ ಮೇಲೆ, ನವನಗರದಲ್ಲಿ. ನಿನ್ನ ಬಿದಿರು ಕೋಲಿನಿಂದ ದಂಡೆಯಲ್ಲಿ ನಾಲ್ಕು ಕಡೆ ಚುಚ್ಚಿ, ಕಣ್ಣು ಮುಚ್ಚಿ, "ಸಾಗರ ಪ್ರಸನ್ನ ಆಗ್ಯಾನ. ನಡೀರಿ" ಎಂದು ಅಪ್ಪಣೆ ಕೊಟ್ಟೆ. ಎಲ್ಲರೂ ನಕ್ಕರು. ಆ ನಾಯಕಿ ಮಾತ್ರ ನಗಲಿಲ್ಲ. ನನ್ನದೇ ವಯಸ್ಸು, ಈಜು ಬಾರದು. "ಅಕ್ಕ, ನಿಜವಾಗ್ಲೂ ಭಯ ಇಲ್ವಾ?" ಎಂದಳು.

"ನಮ್ಮ ಮನಿ ಅಂಗಳದಾಗ ಅಡ್ಡಾಡಿದಂಗ ಅಡ್ಡಾಡ್ರಿ," ಎಂದೆ.

ಸುಡು ಮಧ್ಯಾಹ್ನ. ಅವಳು ನಡೆಯತೊಡಗಿದಳು. ಕ್ಯಾಮೆರಾದವನು ತಲೆ ಎತ್ತಿದ. "ಯಾರ್ರೀ ಅದು ಫ್ರೇಮಲ್ಲಿ? ಆ ಯಜಮಾನ್ರನ್ನ ಪಕ್ಕಕ್ಕೆ ಕರೀರಿ." ನಾವೆಲ್ಲ ನೀರಿನತ್ತ ನೋಡಿದೆವು. ಅವಳೊಬ್ಬಳೇ. ಮಾನಿಟರ್ ನೋಡಿದೆವು. ಅವಳ ಮುಂದೆ, ಸೊಂಟದಷ್ಟು ನೀರಿನಲ್ಲಿ, ಬಿಳಿ ಅಂಗಿ, ರುಮಾಲು, ನಮ್ಮ ಕಡೆಗೆ ಬೆನ್ನು. "ಇದು ನಿಮ್ದೇ ತಮಾಷೆ ತಾನೇ?" ಎಂದು ಅಸಿಸ್ಟೆಂಟ್ ನನ್ನನ್ನು ದುರುಗುಟ್ಟಿ ನೋಡಿದ. ಜನ್ಮದಲ್ಲಿ ಮೊದಲ ಸಲ ನಿಜವಾಗಿ "ಅಲ್ಲ" ಎಂದೆ. ಒಬ್ಬರೂ ನಂಬಲಿಲ್ಲ.

ದಂಡೆಯಲ್ಲಿ ರೊಟ್ಟಿಯ ಗಂಟು ಹಿಡಿದು ಕೂತಿದ್ದ ಕಾಕಿ ಮಾನಿಟರಿನ ಕಡೆ ನೋಡಿಯೇ ಇರಲಿಲ್ಲ. ಅವಳ ಕಣ್ಣು ನೀರಿನ ಮೇಲಿತ್ತು.

"ಗಿರಿಜಾ, ಆ ಹುಡುಗಿನ್ನ ನಿಂದ್ರಸು. ಮುಂದ ನಮ್ಮ ಹಿತ್ತಲ ಬಾವಿ ಐತಿ."

"ಬಾವಿ? ಮೊದ್ಲ ಹೇಳಬಾರದನ ಕಾಕಿ!"

"ಹೇಳೂದ್ಯಾಕ? ನಿಮ್ಮ ಕಾಕಾ ಅಲ್ಲೇ ನಿಂತಿರತಿದ್ನಲ್ಲ."

ಹೇಗೆ ಓಡಿದೆನೋ ಗೊತ್ತಿಲ್ಲ. ಆ ನಾಯಕಿಯ ಸೆರಗು ಕೈಗೆ ಸಿಕ್ಕಿತು. ಹಿಂದಕ್ಕೆ ಎಳೆದು, ಅವಳು ಇನ್ನೇನು ಹೆಜ್ಜೆ ಇಡಬೇಕಿದ್ದ ಕಡೆ ಕೋಲು ಊರಿದೆ. ತಳವೇ ಸಿಗಲಿಲ್ಲ. ಕೋಲು ಕೈಯಿಂದ ಜಾರಿ ಇಡೀ ಒಳಗೆ ಹೋಯಿತು. ಬಿದಿರು ತೇಲಬೇಕಲ್ಲ ಕಾಕಾ? ಮೇಲೆ ಬರಲೇ ಇಲ್ಲ. ಅಷ್ಟರಲ್ಲಿ ಹಿಂದಿನಿಂದ ಕ್ಯಾಮೆರಾದವನು ಕೂಗಿದ: "ಹಾಂ, ಯಜಮಾನ್ರು ಹೋದ್ರು. ಈಗ ಫ್ರೇಮ್ ಕ್ಲಿಯರ್!"

ಆ ರಾತ್ರಿ ನಿದ್ದೆ ಬರದೆ, ನಿನ್ನ ಸಿನಿಮಾಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ನೋಡಿದೆ. ಮೀನುಗಾರ, ಸಾಧು, ಪೊಲೀಸು. ವೇಷ ಬೇರೆ, ಜಾಗ ಒಂದೇ. ಬಾವಿ ಇದೆ ಎಂದರೆ ನಾನು ಮೊದಲು ಅಲ್ಲಿಗೇ ಇಣುಕಲು ಹೋಗುತ್ತೇನೆಂದು ಬಾಯಿ ಮುಚ್ಚಿಕೊಂಡಿದ್ದೆಯಾ? ಬೇಸಿಗೆಯಲ್ಲಿ ಅದರ ಮೇಲೆ ಜಾಲಿ ಮುಳ್ಳು ಒಟ್ಟುತ್ತಿದ್ದವನು ನೀನೇ ಎಂದು ಕಾಕಿ ಈಗ ಹೇಳುತ್ತಾಳೆ. ನಿನ್ನವ್ವ ಸೇದಿದ ಬಾವಿ, ಪೂರ್ತಿ ಮುಚ್ಚಲು ನಿನಗೆ ಮನಸ್ಸಾಗಲಿಲ್ಲವಂತೆ.

ಮರುದಿನ ದಾರಿ ಬದಲಿಸಿ ಶಾಟ್ ತೆಗೆದರು. ನಾನು ತಡವುತ್ತ ಹೋಗಿ ಬಾವಿಯ ದಂಡೆಗಲ್ಲಿನ ಮೇಲೆ ನಿಂತೆ. ಪಾಚಿಗಟ್ಟಿದ ಸಣ್ಣ ಕಲ್ಲು, ಒಬ್ಬರಿಗಷ್ಟೇ ಜಾಗ. ಕಾಲಿಗೆ ಏನೋ ತಾಗಿತು. ಮೀನು ಎಂದುಕೊಂಡೆ. ಅದು ಮೆಲ್ಲಗೆ ಅತ್ತ ಸರಿದು ನನ್ನ ಇನ್ನೊಂದು ಕಾಲಿಗೂ ಜಾಗ ಬಿಟ್ಟಿತು. ಮೀನು ಹಾಗೆ...

ಇರಲಿ. ಬರುವ ಬೇಸಿಗೆಯಲ್ಲಿ ನೀರಿಳಿದ ಕೂಡಲೇ ಬಾವಿಯ ಮೇಲೆ ಚಪ್ಪಡಿ ಹಾಕಿಸುತ್ತೇವೆ. ಕಾಕಿ ಒಪ್ಪಿದ್ದಾಳೆ. ಅಲ್ಲಿಯ ತನಕ ನಿನ್ನ ಜಾಗದಲ್ಲಿ ನಾನು ನಿಲ್ಲುತ್ತೇನೆ. ಚಪ್ಪಡಿ ಎಳೆಯುವ ಮುಂಚೆ ಬಾವಿಯೊಳಗೆ ಬಗ್ಗಿ ಮೂರು ಸಲ ನಿನ್ನ ಹೆಸರು ಕೂಗುತ್ತೇನೆ ಕಾಕಾ. ಇದು ತಮಾಷೆಯಲ್ಲ. ಕೂಗಿದಾಗ ಹೊರಗೆ ಬಂದುಬಿಡು.