ಅತ್ತೆಯ ಚೀಲ ಹೊತ್ತವನು

ಅಳಿಯಂದಿರಿಗೆ ಆಶೀರ್ವಾದ.

ನಾನು ಕ್ಷೇಮ. ವಿಮಾನ ಅಪಹರಣವಾದರೂ ನಿಮ್ಮ ಅತ್ತೆಯ ಕೂದಲೂ ಕೊಂಕಲಿಲ್ಲ. ಕುತ್ತಿಗೆಗೆ ಚಾಕು ಬಿದ್ದದ್ದು ಪೈಲಟ್‌ಗೆ. ಪಾಪ, ಇನ್ನೂ ಆಸ್ಪತ್ರೆಯಲ್ಲಿದ್ದಾರೆ.

ನಿನ್ನೆ ನಿಮ್ಮನ್ನು ಟೀವಿಯಲ್ಲಿ ನೋಡಿದೆ. ವಿಮಾನ ಕಂಪನಿಯ ಭದ್ರತಾ ಮುಖ್ಯಸ್ಥರು ಅಂತ ಹೆಸರಿನ ಕೆಳಗೆ ಹಾಕಿದ್ದರು. ತಪ್ಪೆಲ್ಲ ತಪಾಸಣೆಗೆ ನಿಂತಿದ್ದ ಹುಡುಗಿಯದು, ಅವಳನ್ನು ಕೆಲಸದಿಂದ ತೆಗೆದಿದ್ದೇವೆ ಅಂದಿರಿ. ಟೈ ಚೆನ್ನಾಗಿತ್ತು.

ಆ ಹುಡುಗಿ "ಅಮ್ಮಾ, ಚೀಲ ಮೆಷಿನ್ನಿಗೆ ಹಾಕಿ" ಅಂದಿದ್ದಳು. ನೀವು ಕಳಿಸಿದ್ದ ಸಹಾಯಕ ಅವಳನ್ನು ಗದರಿದ: "ಸಾಹೇಬರ ಅತ್ತೆ ಇವರು. ಪಕ್ಕದ ಬಾಗಿಲಿಂದ ಬಿಡು." ನಿಮ್ಮ ಮನೆಯವರಿಗೆ ಯಾವಾಗಲೂ ಅದೇ ಬಾಗಿಲು ತಾನೆ? ನಾನು ಕಾರಿನಿಂದ ಇಳಿದಾಗ ಯಾರೋ ಒಬ್ಬ "ಕೊಡಿ ಅಮ್ಮ" ಅಂತ ನನ್ನ ಚೀಲ ಎತ್ತಿಕೊಂಡಿದ್ದ. ಅವನು ನಿಮ್ಮ ಕಡೆಯವನು ಅಂತ ನಾನು ತಿಳಿದೆ, ನನ್ನ ಕಡೆಯವನು ಅಂತ ನಿಮ್ಮ ಸಹಾಯಕ ತಿಳಿದ. ಅವನೂ ನನ್ನ ಬೆನ್ನಿಗೇ ಅದೇ ಬಾಗಿಲಿಂದ ಒಳಗೆ ಬಂದ. ಆಮೇಲೆ ವಿಮಾನದಲ್ಲಿ ಚಾಕು ತೆಗೆದವನು ಅವನೇ.

"ತಪಾಸಣೆ ಆಗಿತ್ತು ಅಂತ ವಿಚಾರಣೆಯಲ್ಲಿ ಒಂದು ಮಾತು ಹೇಳಿಬಿಡಿ ಅತ್ತೆ, ಮನೆ ಮರ್ಯಾದೆ" ಅಂತ ಫೋನಿನಲ್ಲಿ ಅಂದಿರಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ನೆಲ ಗುಡಿಸುವವಳನ್ನೇ ಡೊಂಕು ಅಂದಿರಿ.

ನಿಮ್ಮ ಕುರ್ಚಿ ಇರುವಾಗಲೇ ಆ ಹುಡುಗಿಯನ್ನು ಮತ್ತೆ ಕೆಲಸಕ್ಕೆ ಕರೆಸಿ.

ಮುಂದಿನ ವಾರ ಮಗಳನ್ನು ನೋಡಲು ಬಸ್ಸಿನಲ್ಲಿ ಬರುತ್ತೇನೆ. ನಿಲ್ದಾಣಕ್ಕೆ ಯಾರನ್ನೂ ಕಳಿಸಬೇಡಿ. ನನ್ನ ಚೀಲ ನಾನೇ ಹೊರುತ್ತೇನೆ.

ಇಂತಿ,
ನಿಮ್ಮ ಹೆಂಡತಿಯ ತಾಯಿ